ಸಾವಿರದ ನಾನೂರು ಇಲ್ಲಗಳು

ಆಟ ಮಾರುವ ಪುಟ ಹುಟ್ಟಿದ ವರ್ಷ ಕೇಳಿತು. ಕೇಳಿದ್ದಕ್ಕೆ ಅವಳಿಗೆ ಸಿಟ್ಟಿಲ್ಲ, ಹುಟ್ಟಿದ್ದೇನೂ ಸುಳ್ಳಲ್ಲ. ಆದರೆ ವರ್ಷಗಳ ಪಟ್ಟಿ ಈ ವರ್ಷದಿಂದ ಶುರುವಾಗಿ ಹಿಂದಕ್ಕೆ ಹೋಗುತ್ತಿತ್ತು. ಬಾವಿಯಿಂದ ಹಗ್ಗ ಸೇದಿದ ಹಾಗೆ ಎಳೆದಳು, ಎಳೆದಳು, ಐವತ್ತೆರಡು ವರ್ಷ ಎಳೆದು ತನ್ನ ವರ್ಷದ ಮೇಲೆ ಬೆರಳಿಟ್ಟರೆ ಪಟ್ಟಿ ಜಾರಿ ಅವಳನ್ನು ನಾಲ್ಕು ವರ್ಷ ಹೆಚ್ಚು ಮುದುಕಿ ಮಾಡಿತು. ಇರಲಿ ಅಂದುಕೊಂಡಳು. ಮುಂದಿನ ಪುಟ ಅವಳು ಮನುಷ್ಯಳೇ ಎಂದು ಕೇಳಿ, ಒಂಬತ್ತು ಚಿತ್ರಗಳಲ್ಲಿ ಸೈಕಲ್ ಇರುವುದನ್ನೆಲ್ಲ ಒತ್ತು ಎಂದಿತು. ಒಂದರಲ್ಲಿ ಸೈಕಲ್ಲಿನ ಹಿಂದಿನ ಚಕ್ರ ಮಾತ್ರ ಇತ್ತು. ಅದು ಸೈಕಲ್ಲೋ ಅಲ್ಲವೋ? ಹಾಲ್‌ನಲ್ಲಿ ಕುರ್ಚಿಯ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಕಾಲಿನ ಉಗುರು ತೆಗೆಯುತ್ತಿದ್ದ ಗಂಡ, "ಏನೇ ಅದು, ಬೆಳಗ್ಗೆ ಬೆಳಗ್ಗೆ ಲ್ಯಾಪ್‌ಟಾಪ್ ಜೊತೆ ಜಗಳ?" ಎಂದ. "ಆಟ ತೊಗೋತಿದೀನಿ" ಎಂದಳು. "ಆಟಾನಾ? ಮೊಮ್ಮಕ್ಕಳಾಡೋ ವಯಸ್ಸಲ್ಲಿ ನೀನೇ ಆಡ್ತೀಯಾ?" ಉಗುರು ಟಪ್ಪೆಂದು ಹಾರಿ ಎಲ್ಲೋ ಬಿತ್ತು. ಅವನು ಕೆಟ್ಟವನಲ್ಲ. ಅವಳ ಇಪ್ಪತ್ತೆರಡನೆಯ ವಯಸ್ಸಿನ ಬಗ್ಗೆ ಅವನಿಗೆ ಗೊತ್ತಿರುವುದು ಒಂದು ಫೋಟೋ ಮಾತ್ರ, ಅದರಲ್ಲಿ ಅವಳು ತೆಳ್ಳಗಿದ್ದಾಳೆ. ಫೋನಿಗೆ ಬಂದ ಆರು ಅಂಕಿಗಳನ್ನು ನೋಡಿ ನೋಡಿ ಒತ್ತಿದಳು. ಆಟಕ್ಕೆ ಒಂದು ಜೊತೆ ಕಾಲುಚೀಲದ ಬೆಲೆ. ತಾನು ಬರೆದದ್ದನ್ನು ತಾನೇ ಕೊಂಡುಕೊಂಡಿದ್ದಳು, ಅದೂ ರಿಯಾಯಿತಿ ದರದಲ್ಲಿ.

ಇದು ಬಂದಿದೆ ಎಂದು ತಿಳಿದದ್ದು ಆಫೀಸಿನಲ್ಲಿ. ಪಕ್ಕದ ಟೇಬಲ್ಲಿಗೆ ಹೊಸದಾಗಿ ಸೇರಿದ ಗುಮಾಸ್ತ ಊಟದ ಹೊತ್ತಿನಲ್ಲಿ ಫೋನ್ ಮುಂದೆ ಹಿಡಿದು, "ಮೇಡಂ, ನಿಮ್ಮ ಕಾಲದ್ದು ನೋಡಿ" ಎಂದಿದ್ದ. ಒಂಬತ್ತು ಬೀಗದ ಕೋಟೆ. ಅದೇ ಕೋಟೆ, ಅದೇ ಬೀಗ ರಿಪೇರಿಯವನ ಮಗಳು ಕೈಯಲ್ಲಿ ಕೀಲಿಗೊಂಚಲು ಹಿಡಿದು ನಿಂತಿದ್ದಾಳೆ, ಆದರೆ ಈಗ ಅವಳ ಕೂದಲು ಎಳೆ ಎಳೆಯಾಗಿ ಗಾಳಿಗೆ ಹಾರುತ್ತದೆ. ಆಗ ಹದಿನಾರು ಬಣ್ಣಗಳಲ್ಲಿ, ಕೂದಲಿಗೆಂದು ಸಿಕ್ಕಿದ್ದು ಹನ್ನೊಂದು ಚುಕ್ಕಿ. 'ಹಳೆಯ ಆಟ, ಹೊಸ ಕಂಪ್ಯೂಟರಿಗೆ, ಪೂರ್ತಿ ದನಿಯೊಂದಿಗೆ' ಎಂದು ಕೆಳಗೆ ಬರೆದಿತ್ತು. ಇದನ್ನು ಬರೆದವಳು ನಾನು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಅವನು ಹೌದಾ ಮೇಡಂ ಎಂದು ಹುಬ್ಬೇರಿಸುತ್ತಾನೆ, ಎಲ್ಲಿ ನಿಮ್ಮ ಹೆಸರು ಎಂದು ಹುಡುಕುತ್ತಾನೆ, ಸಿಗದಿದ್ದರೆ? ಡಬ್ಬಿ ಮುಚ್ಚಿ ಕೈ ತೊಳೆಯಲು ಎದ್ದು ಹೋಗಿದ್ದಳು. ಅವತ್ತಿನಿಂದ ನಾಲ್ಕು ದಿನ, ಇದು ಶನಿವಾರ, ರಜೆ.

ಆಟ ತೆರೆದುಕೊಂಡಿತು. ಕೋಟೆಯ ಹೊರಗೆ ಹುಲ್ಲು, ಹುಲ್ಲಿನ ಮೇಲೆ ಇಬ್ಬನಿ, ಎಲ್ಲಿಂದಲೋ ವಾದ್ಯ. ಚೆನ್ನಾಗಿತ್ತು, ಚೆನ್ನಾಗಿಲ್ಲ ಎನ್ನುವಂತಿರಲಿಲ್ಲ. ಅವಳು ಮೊದಲು ಮಾಡಿದ್ದು, ಮೂವತ್ತು ವರ್ಷದ ಹಿಂದೆ ಪ್ರತಿ ಬಾರಿ ಆಟವನ್ನು ಪರೀಕ್ಷಿಸಲು ಕೂತಾಗ ಮಾಡುತ್ತಿದ್ದದ್ದೇ: ಚೀಲದಿಂದ ಹಗ್ಗ ತೆಗೆದು ಚಂದ್ರನ ಮೇಲೆ ಪ್ರಯೋಗಿಸಿದಳು. ಅದಕ್ಕೆ ಆಗ ಅವಳೇ ಬರೆದ ಉತ್ತರವೊಂದಿತ್ತು: ಚಂದ್ರನಿಗೆ ಹಗ್ಗ ಹಾಕಿದವರ ಪಟ್ಟಿ ಉದ್ದವಿದೆ, ಇಳಿದು ಬಂದವರ ಪಟ್ಟಿ ಇನ್ನೂ ಕೈಗೆ ಸಿಕ್ಕಿಲ್ಲ. ಅದನ್ನು ಬರೆದ ಮಧ್ಯಾಹ್ನ ಅವಳಿಗೆ ಈಗಲೂ ಕಣ್ಣಿಗೆ ಕಟ್ಟಿದೆ, ಕೆಳಗೆ ದರ್ಜಿ ಅಂಗಡಿಯ ಆರು ಹೊಲಿಗೆ ಯಂತ್ರ ಒಟ್ಟಿಗೆ ಓಡಿ ಮಹಡಿಯ ನೆಲ ನಡುಗುತ್ತಿತ್ತು, ಮೇಜಿನ ಮೇಲಿನ ಲೋಟ ತಾನೇ ತಾನಾಗಿ ಅಂಚಿಗೆ ಸರಿಯುತ್ತಿತ್ತು. "ಅದು ಆಗುವುದಿಲ್ಲ" ಎಂದಿತು ಪರದೆ. ಒಂದು ಹೆಣ್ಣು ದನಿ, ತಂಪಾಗಿ, ವಿಮಾನ ತಡವಾಗಿದೆ ಎಂದು ಹೇಳುವವರ ಹಾಗೆ, ಅದು ಆಗುವುದಿಲ್ಲ. ಅವಳು ಕೊಡೆಯನ್ನು ಬಾವಿಯ ಮೇಲೆ ಹಿಡಿದಳು. ನೆನೆದದ್ದು ಆಗಲೇ ನೆನೆದಾಗಿದೆ, ಈಗ ಕೊಡೆ ಯಾರಿಗೆ? ಎಂದು ಬರಬೇಕು. "ಅದು ಆಗುವುದಿಲ್ಲ." ಕೀಲಿಯನ್ನು ಬಾಯಿಗೆ ಹಾಕಿದಳು. "ಅದು ಆಗುವುದಿಲ್ಲ." ಬೆಕ್ಕಿಗೆ ಕನ್ನಡಿ ತೋರಿಸಿದಳು. ಪ್ರತಿಮೆಗೆ ಟೋಪಿ ತೊಡಿಸಿದಳು. ಗೋಡೆಯೊಂದಿಗೆ ಮಾತಾಡಿದಳು. ಎಲ್ಲಕ್ಕೂ ಅದೇ ಉತ್ತರ. ಆಟ ಮಾಡಿದ ಆ ಮಹಡಿಯ ಮೇಲೆ ನಾಲ್ಕೇ ಜನ, ಅವರ ಯಜಮಾನನನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದರು, ಹಡಗು ಹತ್ತಿದವನೇನಲ್ಲ. ಆಡುವವರು ತಪ್ಪು ಮಾಡಿದಾಗ ಬರಲು ಒಂದು ಸಾಲು ಬರೆದುಬಿಡು, ಸಾಕು, ಎಂದವನು ಅವನೇ. ಯಾವ ಸಾಲು ಎಂದರೆ, ಅದು ಆಗುವುದಿಲ್ಲ ಅಂತ ಬರಿ ಎಂದಿದ್ದ. ಅವಳು ಹಟ ಹಿಡಿದಳು. ಜನ ಸರಿ ಮಾಡುವುದು ಒಂದು ಸಲ, ತಪ್ಪು ಮಾಡುವುದು ನೂರು ಸಲ, ಆ ನೂರು ಸಲ ಅವರ ಜೊತೆ ಯಾರಾದರೂ ಇರಬೇಡವೇ ಎಂದಳು. ಒಂದೂವರೆ ವರ್ಷ ಕೂತು ಸಾವಿರದ ನಾನೂರು ತಪ್ಪುಗಳಿಗೆ ಸಾವಿರದ ನಾನೂರು ಉತ್ತರ ಬರೆದಳು, ಒಂದರ ಹಾಗೆ ಇನ್ನೊಂದಿಲ್ಲ. ಬರೆದು ಬರೆದು ನಡು ಬೆರಳಿನಲ್ಲಿ ಎದ್ದ ಗಂಟು ಇನ್ನೂ ಇಳಿದಿಲ್ಲ. ಕೊನೆಗೂ ಗೆದ್ದವನು ಕ್ಯಾಪ್ಟನ್ನೇ. ಸತ್ತು ಎಂಟು ವರ್ಷವಾದ ಮೇಲೆ ಅವನ ಸಾಲು ನಿಂತಿತು, ಇವಳ ಸಾಲುಗಳು ಹೋದವು.

ಮೂಲೆಯಲ್ಲಿ 'ಹಳೆಯ ರೂಪ' ಎಂಬ ಗುಂಡಿ ಇತ್ತು. ಅದನ್ನು ಒತ್ತಿದರೆ ಕ್ಷಣದಲ್ಲಿ ಇಬ್ಬನಿ ಆರಿತು, ಕೂದಲು ಮತ್ತೆ ಹನ್ನೊಂದು ಚುಕ್ಕಿಯಾಯಿತು. ಹಗ್ಗ, ಚಂದ್ರ. "ಅದು ಆಗುವುದಿಲ್ಲ." ಚಿತ್ರ ಮಾತ್ರ ಹಳೆಯದು. ಹಳೆಯ ಮನೆಗೆ ಹೋಗಿ ಬಾಗಿಲು ತಟ್ಟಿದರೆ ಒಳಗಿನಿಂದ ಬಾಡಿಗೆಯವರು ಯಾರು ಬೇಕಿತ್ತು ಎಂದ ಹಾಗೆ. ಕೊಡುಗೆ ನೀಡಿದವರ ಪಟ್ಟಿ ತೆರೆದಳು. ಅದು ಎಷ್ಟು ಉದ್ದವಿತ್ತು! ನಾಲ್ಕು ಜನ ಮಾಡಿದ ಆಟವನ್ನು ಮತ್ತೆ ಬಿಚ್ಚಿ ಹೊಲಿಯಲು ನೂರಾ ಎಪ್ಪತ್ತು ಜನ. ಎಲ್ಲರೂ ಹೋದ ಮೇಲೆ, ಕಚೇರಿಗೆ ತಿಂಡಿ ಸರಬರಾಜು ಮಾಡಿದವರಿಗಿಂತ ಒಂದು ಸಾಲು ಮೇಲೆ, 'ಹೆಚ್ಚುವರಿ ಮಾತುಗಳು' ಎಂಬುದರ ಮುಂದೆ ಅವಳ ಹೆಸರಿತ್ತು. ಒಂದು ಒತ್ತಕ್ಷರ ತಪ್ಪಿತ್ತು. ಹೆಚ್ಚುವರಿ! ಸಹಾಯ ಎಂಬಲ್ಲಿ ಒತ್ತಿ, ಒಂದೇ ಉಸಿರಿಗೆ ಬರೆದಳು: ಈ ಆಟದ ಮೂಲ ಸಾಲುಗಳು ಎಲ್ಲಿ, ತೆಗೆದವರು ಯಾರು, ತೆಗೆಯುವ ಮುಂಚೆ ಓದಿದರೇ? ಎರಡು ಸೆಕೆಂಡಿನಲ್ಲಿ ಉತ್ತರ ಬಂತು. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಸಂಬಂಧಪಟ್ಟ ವಿಭಾಗದ ಗಮನಕ್ಕೆ ತರಲಾಗಿದೆ.' ಅವಳು ನಕ್ಕುಬಿಟ್ಟಳು, ಒಳ್ಳೆಯ ನಗು ಅಲ್ಲ. ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಅವಳ ಕೆಲಸವೂ ಇದೇ. ಅಲ್ಲಿ ಇಲ್ಲ ಎನ್ನಲು ನಾಲ್ಕು ಅಚ್ಚಿನ ಪತ್ರಗಳಿವೆ, ಕ ಖ ಗ ಘ. ತನ್ನ ಗಂಡ ಉಸಿರಾಡುವ ಮೆಷಿನ್ ಕರೆಂಟಿನಲ್ಲಿ ನಡೆಯುತ್ತದೆ ಎಂದು ಬರೆದವಳಿಗೂ ಘ, ಬೀದಿ ದೀಪ ಕೆಟ್ಟಿದೆ ಎಂದವನಿಗೂ ಘ. ಮೊದಲ ವರ್ಷ ಒಂದೆರಡು ಪತ್ರಕ್ಕೆ ಕೈಯಾರೆ ಬರೆದಿದ್ದಳು. ಮೇಲಿನವರು ಕರೆದು, ನಿಮ್ಮ ಕತೆ ಕವನ ಮನೆಯಲ್ಲಿಟ್ಟುಕೊಳ್ಳಿ ಎಂದರು. ಇಟ್ಟುಕೊಂಡಳು.

ಆದರೂ ಆಡಿದಳು. ಸಿಟ್ಟಿಗೆ ಎದ್ದು ಹೋಗುವುದಕ್ಕಿಂತ ಸಿಟ್ಟಿಗೆ ಕೂತೇ ಇರುವುದು ಅವಳ ಜಾಯಮಾನ. ಅದನ್ನು ಆಡುವುದು ಎನ್ನಲೂ ಆಗದು, ಮುಂದೆ ಒತ್ತಬೇಕಾದ್ದು ತಾನೇ ಹೊಳೆಯುತ್ತದೆ, ಒತ್ತಿದರೆ ಬಾಗಿಲು ತೆರೆಯುತ್ತದೆ. ಆಗ ಜನ ಒಂದು ಬಾಗಿಲಿಗೆ ಒಂದು ವಾರ ಬಡಿದುಕೊಂಡು ಕಾಗದ ಬರೆಯುತ್ತಿದ್ದರು, ಅಮ್ಮಾ ದಯವಿಟ್ಟು ಮೂರನೆಯ ಬೀಗಕ್ಕೆ ಎಣ್ಣೆ ಎಲ್ಲಿ ಸಿಗುತ್ತದೆ ಹೇಳಿ ಎಂದು. ಒಂದೂವರೆ ಗಂಟೆಯಲ್ಲಿ ಐದು ಬಾಗಿಲು ಮುಗಿದವು. ಆರನೆಯದರ ಮುಂದೆ ಕಾವಲುಗಾರ ಕೂತಿದ್ದ. ಅವಳ ಬೆರಳು ತಾನಾಗಿ ನಿಂತಿತು. ಈ ಬಾಗಿಲು ಬರುತ್ತದೆಂದು ಬೆಳಗಿನಿಂದಲೂ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇದ್ದಳು. ಕಾವಲುಗಾರ ಬಾಯಿ ತೆರೆದ. ಆಗ ಅವನಿಗೆ ದನಿ ಇರಲಿಲ್ಲ, ಅಕ್ಷರ ಮತ್ತು ಚುಕ್ಕಿ ಮಾತ್ರ. ಈಗ ಯಾರೋ ನಟ, ಪುಣ್ಯಾತ್ಮ, ಸಂಬಳ ತೆಗೆದುಕೊಂಡು ಮೈಕಿನ ಮುಂದೆ ನಿಂತು, ಕೆನ್ನೆ ಉಬ್ಬಿಸಿ, ಆಡಿನ ಹಾಗೆ ದನಿ ನಡುಗಿಸಿ, "ಬೆ... ಬೆ... ಬೆ..." ಎಂದ. ಹಿಂದಿನಿಂದ ಪೀಪಿ ಊದಿದರು, ನಗಿಸಲು.

ಹಾಲ್‌ನಲ್ಲಿ ಗಂಡ ನಕ್ಕ. "ಯಾರೇ ಅದು, ನಿನ್ನ ತಮ್ಮನ ಥರಾನೇ ಮಾತಾಡ್ತಾನಲ್ಲ?"

ಅವಳು ಲ್ಯಾಪ್‌ಟಾಪ್ ಪಟ್ಟನೆ ಮುಚ್ಚಿದಳು. ಮುಚ್ಚಿದರೂ ಒಳಗೆ ಇನ್ನೊಂದು ಸಲ ಬೆ ಬೆ ಎಂದು ಆಮೇಲೆ ಸುಮ್ಮನಾಯಿತು. ಆ ಬಾಗಿಲಿನ ಒಗಟು ಇಷ್ಟೇ: ಕಾವಲುಗಾರನಿಗೆ ಗುಟ್ಟಿನ ಮಾತು ಗೊತ್ತು, ಹೇಳಲು ನಾಲಿಗೆ ಬಿಡುವುದಿಲ್ಲ, ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಾನೆ. ಆಡುವವರು ನಾಲ್ಕು ಮಾತುಗಳಲ್ಲಿ ಒಂದನ್ನು ಆರಿಸಿ ಅವನ ಬಾಯಿಗೆ ಕೊಡಬೇಕು. ಬೆಂಕಿ ಎಂದರೆ ಎದ್ದು ನೀರು ತರಲು ಓಡುತ್ತಾನೆ, ಬೆಕ್ಕು ಎಂದರೆ ಮೀನು ಹುಡುಕುತ್ತಾನೆ, ಬೆರಳು ಎಂದರೆ ತನ್ನ ಬೆರಳನ್ನೇ ಎಣಿಸುತ್ತ ಕೂರುತ್ತಾನೆ. ಬೆಳಕು ಎಂದರೆ ಬಾಗಿಲು. ಜನ ಬೇಕೆಂದೇ ತಪ್ಪು ಆರಿಸಿ ನಗುತ್ತಿದ್ದರು. ಒಂದು ಪತ್ರಿಕೆ ಇದನ್ನು ಆ ವರ್ಷದ ಅತ್ಯಂತ ಮೋಜಿನ ಒಗಟು ಎಂದಿತ್ತು, ಆ ಪುಟವನ್ನು ಅವಳು ಕತ್ತರಿಸಿ ಇಟ್ಟಿದ್ದಳು. ಒಗಟು ಅವಳಿಗೆ ಹೊಳೆದದ್ದು ಎಲ್ಲಿಂದ? ಹೊಳೆಯುವುದೇನು ಬಂತು, ಅದು ಅವಳ ಬಾಲ್ಯ. ಅಂಗಡಿಯ ಕಟ್ಟೆಯ ಮೇಲೆ ಮೂಗು ಮಾತ್ರ ಕಾಣುವ ತಮ್ಮ ಬೆ ಬೆ ಎಂದು ನಿಂತರೆ ಹಿಂದಿನಿಂದ ಇವಳು ಬೆಂಕಿಪೊಟ್ಟಣ ಎನ್ನುವಳು, ಅಂಗಡಿಯವನು ಕೊಡುವನು, ಅಕ್ಕ ಅಂದರೆ ಹೀಗಿರಬೇಕು ನೋಡು ಎನ್ನುವನು. ತರಗತಿಯಲ್ಲಿ ಹಾಜರಿ ಕರೆದಾಗ, ನೆಂಟರು ಯಾವ ಕ್ಲಾಸು ಮರಿ ಎಂದಾಗ, ಫೋನಿನಲ್ಲಿ, ಬಸ್ಸಿನಲ್ಲಿ, ಅವಳು ಅವನಿಗಿಂತ ಒಂದು ಹೆಜ್ಜೆ ಮುಂದೆ. ಆಟ ಮುಗಿದ ದಿನ ಮಹಡಿಗೆ ಅವನನ್ನೇ ಮೊದಲು ಕರೆದು ಕೂರಿಸಿದ್ದಳು, ಹದಿನೇಳು ವರ್ಷದವನು, ಗಡ್ಡ ಈಗಷ್ಟೇ ಚಿಗುರಿತ್ತು. ಐದು ಬಾಗಿಲು ನಗುನಗುತ್ತಾ ದಾಟಿದ. ಆರನೆಯದರಲ್ಲಿ ಕಾವಲುಗಾರ ಬಾಯಿ ತೆರೆದಾಗ ಹಿಂದೆ ನಿಂತ ಕ್ಯಾಪ್ಟನ್ನೂ ಇನ್ನಿಬ್ಬರೂ ಗೊಳ್ಳೆಂದರು. ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ, ಎಲ್ಲರಿಗಿಂತ ಜೋರಾಗಿ, ತಮ್ಮನೂ ನಕ್ಕ. ಅವನು ನಕ್ಕನಲ್ಲ, ಎಂದು ಮೂವತ್ತು ವರ್ಷ ಅವಳು ತನಗೆ ತಾನೇ ಹೇಳಿಕೊಂಡಿದ್ದಾಳೆ. ನಕ್ಕ, ನಾನೇ ನೋಡಿದೆ.

ಚಪ್ಪಲಿ ಮೆಟ್ಟಿಕೊಂಡಳು. "ಎಲ್ಲಿಗೆ?" ಎಂದ ಗಂಡ. "ತಮ್ಮನ ಹತ್ರ. ಹಳೇ ಡಿಸ್ಕು ಅವನ ಹತ್ರ ಇದೆ. ಅದನ್ನ ಇಟ್ಕೊಂಡು ಇವರಿಗೆ ಮಾಡ್ತೀನಿ." ಏನು ಮಾಡುತ್ತಾಳೆ ಎಂದು ಅವಳಿಗೂ ಗೊತ್ತಿರಲಿಲ್ಲ. ಬೀದಿಯಲ್ಲಿ ಬಿಸಿಲಿತ್ತು. ಸಿಟ್ಟು ಮಾತ್ರ ಕಾಲಿಗಿಂತ ಮುಂದೆ ನಡೆಯುತ್ತಿತ್ತು, ಮತ್ತು ಅದಕ್ಕೆ ದಾರಿ ಒಂದೇ ಗೊತ್ತಿತ್ತು, ಆ ಕಂಪನಿ, ಆ ನಟ, ಆ ಪೀಪಿ. ಬೇರೆ ಕಡೆ ತಿರುಗಲು ನೋಡಿದಾಗಲೆಲ್ಲ ಅವಳು ಅದರ ಕಿವಿ ಹಿಡಿದು ಎಳೆದು ಮತ್ತೆ ಆ ದಾರಿಗೇ ಹಚ್ಚುತ್ತಿದ್ದಳು. ತಮ್ಮನದು ಕಟ್ಟುಹಲ್ಲು ಮಾಡುವ ಕೆಲಸ, ಬ್ಯಾಂಕಿನ ಹಿಂದಿನ ಕಟ್ಟಡದ ಎರಡನೆಯ ಮಹಡಿಯಲ್ಲಿ ಒಂದು ಉದ್ದ ಕೋಣೆ. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ಕಳಿಸುತ್ತಾರೆ, ಇವನು ಹಲ್ಲು ಕಟ್ಟಿ ಕಳಿಸುತ್ತಾನೆ. ಬಾಯಿಯನ್ನು ಮಾತ್ರ ನೋಡುತ್ತಾನೆ, ಬಾಯಿಯವರನ್ನು ನೋಡಬೇಕಿಲ್ಲ. ಊರಿನ ಅರ್ಧ ಜನ ನನ್ನ ಹಲ್ಲಲ್ಲೇ ಮಾತಾಡೋದು ಎಂದು ಒಮ್ಮೆ ಮದುವೆ ಮನೆಯಲ್ಲಿ ಹೇಳಲು ಹೊರಟಿದ್ದ. ನಗು ಬರುವ ಜಾಗದಲ್ಲಿ ಸಿಕ್ಕಿಕೊಂಡ. ಕೊನೆಯ ಮಾತನ್ನು ಅವಳೇ ಹೇಳಿ ಎಲ್ಲರನ್ನೂ ನಗಿಸಿದಳು.

ಒಳಗೆ ಸುಟ್ಟ ಮೇಣದ ವಾಸನೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ನಂಬರು. ಅವನು ದೀಪದ ಕೆಳಗೆ ಬಾಗಿ ಒಂದು ದವಡೆಗೆ ಮೇಣದ ಒಸಡು ಕೂರಿಸುತ್ತಿದ್ದ, ತಲೆ ಎತ್ತದೆ ಕಾಲಿನಿಂದ ಸ್ಟೂಲು ತಳ್ಳಿದ. ಅವಳು ಕೂರಲಿಲ್ಲ.

"ನೋಡಿದ್ಯೇನೋ ಆ ಆಟಾನ? ಹೊಸದು ಬಂದಿದೆ."

ಅವನು ತಲೆಯಾಡಿಸಿದ. ನೋಡಿದ್ದೇನೆ ಎಂದು.

"ನನ್ನ ಸಾಲು ಒಂದೂ ಇಲ್ಲ ಕಣೋ! ಒಂದೇ ಒಂದು ಇಲ್ಲ. ಏನು ಮಾಡಿದ್ರೂ ಆಗುವುದಿಲ್ಲ, ಆಗುವುದಿಲ್ಲ, ಆಗುವುದಿಲ್ಲ. ಒಂದೂವರೆ ವರ್ಷ ಕಣೋ. ಹೆಚ್ಚುವರಿಯಂತೆ ನಾನು. ಆ ಡಿಸ್ಕು ಕೊಡು. ನಾನು ಮೊದಲು ಬರೆದದ್ದು ಇದು, ನೋಡಿ ಅಂತ ಎಲ್ಲರ ಮುಂದೆ ಹಾಕ್ತೀನಿ."

ಅವನು ಮೇಣದ ಚಾಕುವನ್ನು ಬಟ್ಟೆಗೆ ಒರೆಸಿ ಇಟ್ಟ. ಮೂಲೆಯ ಕಂಪ್ಯೂಟರಿನ ಕಡೆ ಹೋಗಿ ಒಂದು ಗುಂಡಿ ಒತ್ತಿದ. ಹೊಸ ಯಂತ್ರವೇ, ಆದರೆ ಅದರೊಳಗೆ ಹಳೆಯ ಯಂತ್ರದ ವೇಷ ಹಾಕಿಸುವ ಪುಟ್ಟದೊಂದು ಪ್ರೋಗ್ರಾಂ. ಕಪ್ಪು ಕಿಟಕಿ ತೆರೆಯಿತು, ಅದರೊಳಗೆ ಕೋಟೆ. ಈಗಿನ ಯಂತ್ರಗಳ ವೇಗಕ್ಕೆ ಬಿಟ್ಟರೆ ಬೀಗದವನ ಮಗಳು ಇರುವೆಯ ಹಾಗೆ ಓಡಿಬಿಡುತ್ತಾಳೆ, ಅವನು ಒಂದು ಅಂಕಿಯನ್ನು ಇಳಿಸುತ್ತ ಇಳಿಸುತ್ತ ಅವಳನ್ನು ನಡಿಗೆಗೆ ತಂದ. ಹಗ್ಗ ತೆಗೆದ, ಚಂದ್ರನ ಮೇಲೆ ಎಸೆದ. ಚಂದ್ರನಿಗೆ ಹಗ್ಗ ಹಾಕಿದವರ ಪಟ್ಟಿ ಉದ್ದವಿದೆ. ಅವಳು ಸ್ಟೂಲಿನ ಮೇಲೆ ಕೂತಳು. ಫ್ಲಾಪಿ ಹಾಳಾಗುವ ಮುಂಚೆ ಸಿ.ಡಿ.ಗೆ, ಅದು ಗೀರು ಬೀಳುವ ಮುಂಚೆ ಇನ್ನೊಂದಕ್ಕೆ, ಕಂಪ್ಯೂಟರ್ ಬದಲಾದಾಗಲೆಲ್ಲ ಅವನು ಇದನ್ನು ಹೊತ್ತು ತಂದಿದ್ದ. ಡಿಸ್ಕು ಅವನಲ್ಲಿದೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು, ಅಷ್ಟೂ ವರ್ಷ ಇದು ಗೊತ್ತೇ ಇರಲಿಲ್ಲ.

"ಆಡ್ತಾ ಇದ್ಯಾ ನೀನು?"

"ಐದನೇ ಬಾಗಿಲವರೆಗೆ" ಎಂದ ತಮ್ಮ. "ಆಮೇಲೆ ಮೊದಲಿಂದ."

ಅವನ ಮಾತು ಇಲ್ಲಿ ಬರೆದ ಹಾಗೆ ಹರಿದು ಬರುವುದಿಲ್ಲ, ಪ್ರತಿ ಮಾತಿಗೂ ಒಂದು ಗೋಡೆ ಹತ್ತಿ ಇಳಿಯಬೇಕು. ಅದನ್ನು ಚುಕ್ಕಿ ಹಾಕಿ ತೋರಿಸುವ ವಿದ್ಯೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳಬೇಕಾದ್ದನ್ನು ಬಿಟ್ಟು ಅವಳು ಕಂಪನಿಯ ಮೇಲೇ ಬಿದ್ದಳು. "ಆ ಆರನೇ ಬಾಗಿಲಿಗೆ ಏನು ಮಾಡಿದ್ದಾರೆ ಕೇಳಿದ್ಯಾ? ಯಾವನೋ ಒಬ್ಬ ಆಡಿನ ಥರ ಅರಚ್ತಾನೆ. ಪೀಪಿ ಬೇರೆ. ಎಷ್ಟು ಲೇವಡಿ ಮಾಡಿದ್ದಾರೆ ಗೊತ್ತಾ, ನಾಚಿಕೆ ಆಗಬೇಕು ಅವರಿಗೆ!"

"ಅವನು ಬರೆದದ್ದನ್ನ ಓದಿದ" ಎಂದ ತಮ್ಮ. "ಬರೆದವರು ಯಾರು?"

ಬೀದಿಯಲ್ಲಿ ಯಾವುದೋ ಗಾಡಿ ಹಿಂದಕ್ಕೆ ಬರುತ್ತ ಕೂಗಿಕೊಳ್ಳುತ್ತಿತ್ತು. ಅವಳು ಹೇಳಿದಳು, "ನೀನು ನಕ್ಕೆ. ಅವತ್ತು ನೀನೂ ನಕ್ಕೆ." ಹೇಳಿದ ಮೇಲೆ ಆ ಮಾತು ಎಷ್ಟು ಹಗುರವಾಗಿ ಹೊರಬಂತು, ನಾಲಿಗೆಯ ತುದಿಯಲ್ಲೇ ಇತ್ತಲ್ಲ ಎಂದು ಅಸಹ್ಯವಾಯಿತು.

"ನೀನೂ ಸೇರಿ ನಾಲ್ಕು ಜನ ನಗ್ತಾ ಇದ್ರಿ. ನಗದೆ ಏನು ಮಾಡ್ಲಿ?" ಅವನ ಕತ್ತಿನ ನರ ಎದ್ದಿತ್ತು. ಇಷ್ಟು ಹೊತ್ತು ಅವನು ಮಾತಾಡಿದ್ದನ್ನು ಅವಳು ಯಾವ ಕಾಲಕ್ಕೂ ಕೇಳಿರಲಿಲ್ಲ. ಕೇಳಿರಲಿಲ್ಲ ಎಂದರೆ, ಬಿಟ್ಟಿರಲಿಲ್ಲ. "ಅವತ್ತು ರಾತ್ರಿ ನೀನು ಕೊಟ್ಟ ಡಿಸ್ಕು ಹಾಕಿ ಆ ಬಾಗಿಲಿಗೆ ಹೋದೆ. ಯಾವ ಮಾತನ್ನೂ ಒತ್ತಲಿಲ್ಲ. ಸುಮ್ಮನೆ ಕೂತೆ. ತಾನೇ ಹೇಳ್ತಾನೇನೋ ಅಂತ. ಅರ್ಧ ಗಂಟೆ ಕಾದೆ. ಎಂಟು ಸೆಕೆಂಡಿಗೊಂದು ಸಲ ಬೆ, ಬೆ. ಅಷ್ಟೇ." ಅವನು ಉಸಿರು ತೆಗೆದುಕೊಂಡ. "ಗೋಡೆ ಜೊತೆ ಮಾತಾಡಿದ್ರೆ ಏನಾಗುತ್ತೆ ಅಂತ ಬರೆದಿದ್ದೀಯ. ಪ್ರತಿಮೆಗೆ ಟೋಪಿ ಹಾಕಿದ್ರೆ ಏನಾಗುತ್ತೆ ಅಂತ ಬರೆದಿದ್ದೀಯ. ಸಾವಿರದ ನಾನೂರು ಬರೆದೆ. ಕಾದ್ರೆ ಏನಾಗುತ್ತೆ ಅಂತ ಒಂದೇ ಒಂದು ಬರೀಲಿಲ್ಲ."

 ಅದಕ್ಕೆ ಕಾರಣವಿತ್ತು, ಡಿಸ್ಕಿನಲ್ಲಿ ಜಾಗ ಇರಲಿಲ್ಲ, ಕ್ಯಾಪ್ಟನ್ ಅವಸರ ಮಾಡಿದ್ದ. ಅದ್ಯಾವುದೂ ಕಾರಣವಲ್ಲ. ಕಾಯಬಹುದು ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ಯಾರಾದರೂ ಆ ಬಾಗಿಲ ಮುಂದೆ ಕೈಕಟ್ಟಿ ಕೂರಬಹುದು, ಅವನಿಗೂ ತನ್ನದೇ ಮಾತಿದೆ, ಹೊತ್ತಾದರೂ ಬರುತ್ತದೆ ಎಂದು. "ಮತ್ತೆ ಯಾಕೆ ಇಟ್ಕೊಂಡೆ ಇದನ್ನ?" ಎಂದಳು. ದನಿ ಸಣ್ಣದಾಗಿತ್ತು.

"ಉಳಿದದ್ದು ಚೆನ್ನಾಗಿದೆ" ಎಂದ ಅವನು, ಅದನ್ನೂ ಸಿಟ್ಟಿನಲ್ಲೇ. "ಡಿಸ್ಕು ಕೊಡಲ್ಲ. ಅದು ನಂದು."

ಆಗ ಮೆಟ್ಟಿಲಲ್ಲಿ ಸದ್ದಾಗಿ, ದಂತವೈದ್ಯರ ಆಸ್ಪತ್ರೆಯ ನರ್ಸಮ್ಮ ಡಬ್ಬಿ ಹಿಡಿದು ಒಳಗೆ ಬಂದಳು. ಐವತ್ತರ ಸುಮಾರು, ಬೆವರಿದ ಮುಖ ತುಂಬ ನಗು. "ಅಣ್ಣಾ, ಇನ್ನೊಂದು ಅಚ್ಚು. ಮೇಲಿನ ಸಾಲು ಪೂರ್ತಿ. ಯಾವತ್ತು ಕೊಡ್ತೀರ? ಆಯಮ್ಮ ಫೋನ್ ಮೇಲೆ ಫೋನ್ ಮಾಡ್ತಿದಾರೆ." ಅವನು ಡಬ್ಬಿ ತೆರೆದು ಅಚ್ಚನ್ನು ಬೆಳಕಿಗೆ ಹಿಡಿದು ನೋಡಿ, ಮೇಜಿನ ಚೀಟಿಯಲ್ಲಿ ಏನೋ ಬರೆದುಕೊಂಡ. ಬಾಯಿ ಹೇಳಲು ಹೊರಟಿತು, ತುಟಿ ಎರಡೂ ಅಂಟಿಕೊಂಡವು, ಬ್ ಎಂಬಲ್ಲೇ ಉಸಿರು ನಿಂತಿತು. ನರ್ಸಮ್ಮ ಅವನ ತುಟಿ ನೋಡಿದಳು, ಕರುಣೆಯಿಂದ ಕತ್ತು ವಾಲಿಸಿದಳು, "ಭಾನುವಾರಾನಾ? ನಾಳೇನೇ? ಅಯ್ಯೋ, ದೇವರಂಥವರು ನೀವು!" ಎಂದಳು. ಅವನ ತುಟಿ ಸಡಿಲಾಯಿತು. ಒಂದು ಕ್ಷಣ. ಆಮೇಲೆ ತಲೆಯಾಡಿಸಿದ. ನರ್ಸಮ್ಮ ನಮಸ್ಕಾರ ಹೇಳಿ ಹೊರಟಳು.

ಅಕ್ಕ ಮೇಜಿನ ಮೇಲಿನ ಚೀಟಿ ನೋಡಿದಳು. ಡಬ್ಬಿಯ ನಂಬರಿನ ಮುಂದೆ ಅವನು ಆಗಲೇ ಪೆನ್ಸಿಲಿನಲ್ಲಿ ಬರೆದಿದ್ದ: ಬುಧವಾರ. "ನಾಳೆ ಅಲ್ವಲ್ಲೋ! ಪೂರ್ತಿ ಸಾಲು, ಒಂದು ದಿನಕ್ಕೆ ಹೇಗೆ ಆಗುತ್ತೆ? ಯಾಕೆ ಹೂಂ ಅಂದೆ?"

"ಮಾತನ್ನ ಇನ್ನೊಂದು ಸಲ ಶುರು ಮಾಡೋದಕ್ಕಿಂತ ಒಂದು ಭಾನುವಾರ ಹೋಗೋದು ಸಲೀಸು."

ಎಷ್ಟು ಭಾನುವಾರಗಳು ಹೀಗೆ ಹೋಗಿವೆ ಎಂದು ಅವಳು ಕೇಳಲಿಲ್ಲ. ಅಂಗಡಿಯ ಕಟ್ಟೆಯ ಮುಂದೆ ಅವನಿಗೆ ಬೇಕಿದ್ದದ್ದು ಬೆಂಕಿಪೊಟ್ಟಣವೇ ಆಗಿತ್ತೇ? ಅವನು ಹಿಂದಿರುಗಿ ಬರುವಾಗ ಆ ಪೊಟ್ಟಣವನ್ನು ಕೈಯಲ್ಲಿ ಹೇಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ! ಸಿಟ್ಟು ಕಡೆಗೂ ಅವಳ ಹಿಡಿತ ಬಿಡಿಸಿಕೊಂಡು ತಾನು ಹೋಗಬೇಕಾದ ಕಡೆಗೇ ತಿರುಗಿತು. ಅವಳು ಎದ್ದು ಬಾಗಿಲ ಕಡೆ ಓಡಿದಳು. "ಇರು, ನಾನು ಕೂಗಿ ಹೇಳ್ತೀನಿ, ಇನ್ನೂ ಕೆಳಗೆ ಇಳಿದಿಲ್ಲ..."

"ಕೂತ್ಕೋ!"

ಆ ಮಾತು ಎಲ್ಲೂ ತಡವರಿಸದೆ ಬಂತು. ಹಲಗೆಯ ಮೇಲಿನ ದವಡೆಯೊಂದು ಅಲುಗಿತು. ಅವನು ಅವಳನ್ನು ದಾಟಿ ಮೆಟ್ಟಿಲ ತಲೆಗೆ ಹೋದ, ಕೈ ತಟ್ಟಿದ. ಕೆಳಗೆ ಚಪ್ಪಲಿಯ ಸದ್ದು ನಿಂತಿತು. "ಏನಣ್ಣಾ?" ಎಂದಿತು ನರ್ಸಮ್ಮನ ದನಿ. ಮತ್ತೆ ಸ್ಟೂಲಿನ ಮೇಲೆ ಕೂತ ಅಕ್ಕನಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಅಂಗಿಯ ಮೇಲೆ ಬಿಳಿ ಪುಡಿ, ಕಂಬಿಯನ್ನು ಹಿಡಿದ ಕೈಯ ಗೆಣ್ಣುಗಳು. ಸದ್ದಿಲ್ಲ. ಆಮೇಲೆ ಬ್. ಮತ್ತೆ ಸದ್ದಿಲ್ಲ. ಕೆಳಗಿನಿಂದ "ಬೇಡ್ವಾ?" ಎಂದಿತು. ಅವನು ತಲೆ ಅಲ್ಲಾಡಿಸಿದ. "ಬೇರೆ ಡಬ್ಬೀನಾ?" ಅವನು ಇಲ್ಲವೆಂದು ಕಂಬಿಯನ್ನು ಗುದ್ದಿದ. ಅವಳ ಬಾಯೊಳಗೆ ಆ ಮಾತು ಪೂರ್ತಿಯಾಗಿ, ಒದ್ದೆಯಾಗಿ, ಸಿದ್ಧವಾಗಿ ಕೂತಿತ್ತು. ಹಲ್ಲು ಕಚ್ಚಿದಳು. ಇಷ್ಟು ಸಣ್ಣ ಕೆಲಸ ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಕೆನ್ನೆಯ ಒಳಗಡೆ ಉಪ್ಪುಪ್ಪಾಯಿತು. ಕೋಣೆಯ ತುಂಬ ತೆರೆದುಕೊಂಡ ಬಾಯಿಗಳು, ಅವುಗಳಲ್ಲಿ ಒಂದೂ ಮಾತಾಡಲಿಲ್ಲ. ಎಷ್ಟು ಹೊತ್ತು ಹೋಯಿತೋ. "ಬುಧವಾರ!" ಎಂದು ಮೆಟ್ಟಿಲುಗಳೆಲ್ಲ ಮೊಳಗುವ ಹಾಗೆ, ಬೈಗುಳದ ಹಾಗೆ ಅದು ಬಂತು. "ಭಾನುವಾರ ಅಲ್ಲ. ಬುಧವಾರ!"

"ಅಯ್ಯೋ, ಅದನ್ನ ಮೊದಲೇ ಹೇಳಬಾರದಾ ಅಣ್ಣಾ!" ಎಂದಳು ನರ್ಸಮ್ಮ. "ಬುಧವಾರಾನೇ ಕೊಡಿ, ಅದಕ್ಕೇನಂತೆ." ಚಪ್ಪಲಿಗಳು ಇಳಿದು ಹೋದವು.

ಅವನು ಒಳಗೆ ಬಂದ. ಮುಖ ಕೆಂಪಾಗಿತ್ತು, ಹಣೆಯ ಬೆವರಿಗೆ ಪ್ಲಾಸ್ಟರಿನ ಪುಡಿ ಅಂಟಿತ್ತು. ಅವಳ ಎದುರು ನಿಂತ, ಬೆರಳೆತ್ತಿ ಅವಳ ಕಡೆ ತೋರಿಸಿದ, ಬಾಯಿ ತೆರೆದ. "ನಾ..." ಎಂದ. "ನಾ..." ಅವಳ ತಲೆಯೊಳಗೆ ಹಳೆಯ ಚಾಳಿ ನಾಲ್ಕು ಮಾತುಗಳನ್ನು ಸಾಲಾಗಿ ಜೋಡಿಸಿಬಿಟ್ಟಿತು. ನಾಚಿಕೆ. ನಾಟಕ. ನಾಲಿಗೆ. ನಾಶ. ಯಾವುದಾದರೂ ಸರಿಯೇ, ಅವಳಿಗೆ ಎಲ್ಲವೂ ಸಲ್ಲಬೇಕಾದ್ದೇ. ಅವಳು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವನ ಕಣ್ಣನ್ನೇ ನೋಡುತ್ತ ಕೂತಳು.

"ನಾಳೆ" ಎಂದ ತಮ್ಮ. "ನಾಳೆ ರಜೆ. ಬೆಳಗ್ಗೆ ಬಾ. ತುಂಬಾ ಬೈಯೋದಿದೆ."